ಕಾಫಿಯ ಊರಿನಲ್ಲಿ ಒಂದು ಸುತ್ತು

ಬೆಳಗಿನ ವಾರ್ತೆ ಮುಗಿಯುವ ಮೊದಲೇ ನಮ್ಮ ಮನೆಗಳಲ್ಲಿ ಒಂದು ಸುತ್ತು ಕಾಫಿ ಆಗಿರುತ್ತದೆ. ಹಾಲು ಎಲ್ಲಿಂದ ಬಂತೆಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಅಕ್ಕಿ ಯಾವುದು, ಬೆಲ್ಲ ಯಾವ ಊರಿನದು ಎಂಬುದೂ ಗೊತ್ತಿರುತ್ತದೆ. ಆದರೆ ಲೋಟದಲ್ಲಿರುವ ಕಾಫಿಯ ಬೀಜ ಯಾವ ಬೆಟ್ಟದಲ್ಲಿ ಬೆಳೆಯಿತು, ಅದನ್ನು ಯಾವತ್ತು ಹುರಿದರು, ಪುಡಿಯಲ್ಲಿ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗಬೇಕಾಗುತ್ತದೆ. ದಿನಕ್ಕೆ ಎರಡು ಬಾರಿ ಕುಡಿಯುವ ವಸ್ತುವಿನ ವಿಷಯದಲ್ಲಿ ನಮಗೆ ಇಷ್ಟು ಅಜ್ಞಾನ ಏಕೆ? ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಬೀದಿಗಳಲ್ಲೇ ಒಂದು ಸುತ್ತು ಬಂದರೆ ಸಾಕು. ಮೊದಲು ಕಾಫಿಪುಡಿಯ ಅಂಗಡಿ, ಆಮೇಲೆ ಹಳೆಯ ತಿಂಡಿಯ ಹೋಟೆಲು, ಕೊನೆಗೆ ಈಚಿನ ಹೊಸ ಕಾಫಿ ಮನೆಗಳು. ಬನ್ನಿ, ಹೋಗೋಣ.

ಹೊರಡುವ ಮುನ್ನ ಒಂದು ಮಾತು. ಕಾಫಿ ಪರದೇಶದ ಗಿಡವೇನೋ ಹೌದು. ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬ್ಬೀ ನಾಡಿನ ಮೋಚಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಐತಿಹ್ಯ. ಆ ಏಳು ಬೀಜಗಳ ಕಥೆಯನ್ನು ನೀವು ನಂಬಿ, ಬಿಡಿ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು ಎಂಬುದು ಮಾತ್ರ ಲೆಕ್ಕದ ಮಾತು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳ ಬೆಳೆ ಅದು. ಬೆಳೆದವರು ನಮ್ಮ ನೆರೆಯವರು, ಕುಡಿಯುವವರು ನಾವು. ನಡುವೆ ಇರುವವನೇ ಹುರಿಯುವವನು. ಅವನಿಂದ ಆರಂಭಿಸೋಣ.

ಬಸವನಗುಡಿ, ಮಲ್ಲೇಶ್ವರ, ಜಯನಗರ ಮುಂತಾದ ಹಳೆಯ ಬಡಾವಣೆಗಳಲ್ಲಿ ಕಾಫಿಪುಡಿಯ ಅಂಗಡಿಯನ್ನು ಕಣ್ಣಿಗಿಂತ ಮೊದಲು ಮೂಗು ಪತ್ತೆ ಮಾಡುತ್ತದೆ. ಒಳಗೆ ಗಾಜಿನ ಹಿಂದೆ ಬೀಜದ ರಾಶಿಗಳು, ಒಂದು ತಕ್ಕಡಿ, ಗರಗರ ಸದ್ದು ಮಾಡುವ ಬೀಸುವ ಯಂತ್ರ. ಗಿರಾಕಿ ಬಂದೊಡನೆ ಅಂಗಡಿಯವನು ಕೇಳುವ ಪ್ರಶ್ನೆ ಒಂದೇ: “ಚಿಕೋರಿ ಎಷ್ಟು ಹಾಕಲಿ ಸ್ವಾಮಿ?” ಉತ್ತರವೂ ರೂಢಿಯದೇ: “ಯಾವಾಗಲೂ ಹಾಕೋ ಹಾಗೇ ಹಾಕಪ್ಪ.” ಮಾತು ಅಲ್ಲಿಗೆ ಮುಗಿಯಿತು. ನೀವು ಮಾತ್ರ ಇಂದು ಅವಸರ ಮಾಡದೆ ಆ ರಾಶಿಗಳ ಮುಂದಿನ ಹೆಸರುಗಳನ್ನು ಓದಿ.

‘ಪ್ಲಾಂಟೇಷನ್’ ಎಂದು ಬರೆದಿರುವುದು ಅರೇಬಿಕಾ ಜಾತಿಯ ಬೀಜ. ಹಣ್ಣನ್ನು ಕಿತ್ತ ದಿನವೇ ಸಿಪ್ಪೆ ಬಿಡಿಸಿ, ಲೋಳೆಯನ್ನು ತೊಳೆದು ಒಣಗಿಸಿದ್ದು. ‘ಚೆರ‍್ರಿ’ ಎಂದರೆ ತೊಳೆಯದೆ, ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ತೆಗೆದದ್ದು. ‘ಪೀಬೆರಿ’ ಬೇರೆ ಜಾತಿಯಲ್ಲ. ಕಾಫಿಯ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ ಒಂದಕ್ಕೊಂದು ಮುಖ ಮಾಡಿ ಕುಳಿತಿರುತ್ತವೆ. ಆದ್ದರಿಂದ ಅವುಗಳ ಒಂದು ಮೈ ಚಪ್ಪಟೆ. ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬೆಳೆದು ಗುಂಡಗಾಗುತ್ತದೆ. ಅದೇ ಪೀಬೆರಿ. ಗುಂಡಗಿರುವುದರಿಂದ ಹುರಿಯುವ ಪೀಪಾಯಿಯಲ್ಲಿ ಸಲೀಸಾಗಿ ಉರುಳಿ ಸಮನಾಗಿ ಹುರಿಯುತ್ತದೆ ಎಂಬ ಹೆಸರು ಅದಕ್ಕೆ. ಇನ್ನು ‘ರೋಬಸ್ಟಾ’: ಕಡಿಮೆ ಎತ್ತರದಲ್ಲೂ ಬೆಳೆಯುವ ಗಟ್ಟಿ ಜಾತಿ. ಕಹಿ ಹೆಚ್ಚು, ಮಂದವೂ ಹೆಚ್ಚು. ಕೆಫೀನು ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು. ನಮ್ಮ ದೇಶದ ಬೆಳೆಯಲ್ಲಿ ಹೆಚ್ಚು ಪಾಲು ಇದೇ.

ಈಗ ಹುರಿಯುವುದನ್ನು ನೋಡಿ. ಹಸಿಯ ಕಾಫಿಬೀಜಕ್ಕೆ ಕಾಫಿಯ ವಾಸನೆಯೇ ಇಲ್ಲ. ಮೂಸಿ ನೋಡಿದರೆ ಒಣಹುಲ್ಲಿನಂತೆ, ಬಟಾಣಿಯಂತೆ ಇರುತ್ತದೆ. ನಮ್ಮನ್ನು ಬೆಳಗ್ಗೆ ಎಬ್ಬಿಸುವ ಆ ಘಮ ಪೂರ್ತಿಯಾಗಿ ಬೆಂಕಿಯ ಕೊಡುಗೆ. ತಿರುಗುವ ಪೀಪಾಯಿಯಲ್ಲಿ ಬೀಜ ಮೊದಲು ತನ್ನ ನೀರನ್ನು ಕಳೆದುಕೊಂಡು ಹಳದಿಗೆ ತಿರುಗುತ್ತದೆ. ಆಮೇಲೆ ಲವಂಗಪಟ್ಟೆಯ ಬಣ್ಣ. ಬೀಜದ ಶಾಖ 200 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಂದಾಗ ಒಳಗಿನ ಹಬೆಯ ಒತ್ತಡಕ್ಕೆ ಬೀಜ ಸಿಡಿಯುತ್ತದೆ. ಅರಳು ಹುರಿಯುವಾಗ ಕೇಳುವಂಥ ಚಟಪಟ ಸದ್ದು. ಹುರಿಯುವವನು ಕಿವಿಗೊಟ್ಟು ಕಾಯುವುದು ಈ ಸದ್ದಿಗೇ. ಇಲ್ಲಿಗೇ ಇಳಿಸಿದರೆ ತಿಳಿಹುರಿ. ಬೀಜದ ಸ್ವಂತ ಹುಳಿ, ಹೂವಿನಂಥ ಪರಿಮಳ ಉಳಿಯುತ್ತದೆ. ಇನ್ನೂ ಮುಂದುವರಿಸಿದರೆ ಎರಡನೆಯ ಸಲ ಸಿಡಿದು, ಮೈಮೇಲೆ ಎಣ್ಣೆ ಒಸರಿ ಕಪ್ಪಾಗುತ್ತದೆ. ಹುಳಿ ಹೋಗಿ ಕಹಿ ಮೇಲಾಗುತ್ತದೆ. ಈ ಎರಡರ ನಡುವಿನ ಅಂತರ ಕೆಲವೇ ನಿಮಿಷ. ನೂರು ಸೇರು ಬೀಜ ಹಾಕಿದರೆ ಹುರಿದ ಮೇಲೆ ಉಳಿಯುವುದು 80ರಿಂದ 85 ಸೇರಿನಷ್ಟು. ತೂಕ ಇಳಿಯುತ್ತದೆ, ಗಾತ್ರ ಮಾತ್ರ ಉಬ್ಬುತ್ತದೆ.

ಹುರಿದ ಬೀಜ ಹಲವು ದಿನಗಳವರೆಗೆ ಇಂಗಾಲಾಮ್ಲ ವಾಯುವನ್ನು ಬಿಡುತ್ತಿರುತ್ತದೆ. ಅದರೊಡನೆ ಪರಿಮಳವೂ ಹೊರಡುತ್ತದೆ. ಬೀಜವಾಗಿರುವಾಗ ಈ ನಷ್ಟ ನಿಧಾನ. ಪುಡಿ ಮಾಡಿದ ಕ್ಷಣದಿಂದ ಅದು ಅವಸರದ ಓಟ. ಏಕೆಂದರೆ ಒಂದು ಬೀಜ ಸಾವಿರ ಚೂರಾಗಿ, ಒಂದೊಂದು ಚೂರಿಗೂ ಗಾಳಿ ತಗಲುತ್ತದೆ. ಅಂಗಡಿ ಅಷ್ಟೊಂದು ಘಮಘಮಿಸುತ್ತದೆ ಎಂದರೆ ನಿಮ್ಮ ಲೋಟಕ್ಕೆ ಬರಬೇಕಾದ ಪರಿಮಳದ ಒಂದು ಪಾಲು ಬೀದಿಗೆ ಹೋಗುತ್ತಿದೆ ಎಂದೇ ಅರ್ಥ. ತಿಂಗಳಿಗೆ ಬೇಕಾದ ಪುಡಿಯನ್ನು ಒಂದೇ ಸಲ ತಂದಿಡುವುದು ಲಾಭವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಚಿಕೋರಿ. ಅದು ಕಾಫಿಯ ಸಂಬಂಧಿಯೇ ಅಲ್ಲ; ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಬೇರನ್ನು ಒಣಗಿಸಿ ಹುರಿದರೆ ಕಪ್ಪಗೆ, ಕಹಿ ಬೆರೆತ ಸಿಹಿಯಾಗಿ ಇರುತ್ತದೆ. ಕೆಫೀನು ಇಲ್ಲ. ನೀರಿನಲ್ಲಿ ಕಾಫಿಗಿಂತ ಹೆಚ್ಚಾಗಿ ಕರಗುವುದರಿಂದ ಡಿಕಾಕ್ಷನ್ನಿಗೆ ಬಣ್ಣ, ಮಂದ ಎರಡನ್ನೂ ಕೊಡುತ್ತದೆ. ಹಾಲು ಹಾಕಿ ಕುಡಿಯುವ ನಮ್ಮ ಪದ್ಧತಿಗೆ ಸ್ವಲ್ಪ ಚಿಕೋರಿ ಹೊಂದುತ್ತದೆ; ಅದನ್ನು ಇಷ್ಟಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ನೂರಕ್ಕೆ 49 ಪಾಲಿನವರೆಗೂ ಚಿಕೋರಿ ಇರಬಹುದು. ಅಂದರೆ ನೀವು ಕಾಫಿ ಎಂದು ಕೊಂಡ ಪೊಟ್ಟಣದಲ್ಲಿ ಹೆಚ್ಚುಕಡಿಮೆ ಅರ್ಧ ಬೇರೇ ಇರಬಹುದು. ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ಅಚ್ಚುಹಾಕಲೇಬೇಕು. ಬ್ರೆಜಿಲ್, ವಿಯೆಟ್ನಾಂ ದೇಶಗಳಲ್ಲಿ ಮಳೆ ಕೈಕೊಟ್ಟು 2024 ಮತ್ತು 2025ರಲ್ಲಿ ಜಗತ್ತಿನ ಕಾಫಿ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ನಮ್ಮ ಬೀದಿಯ ಅಂಗಡಿಗೂ ಆ ಬಿಸಿ ತಟ್ಟಿತು. ಇಂಥ ಕಾಲದಲ್ಲಿ ಚಿಕೋರಿಯ ಪಾಲು ಹೆಚ್ಚಿಸುವ ಆಸೆ ಮಾರುವವನಿಗೂ ಕೊಳ್ಳುವವನಿಗೂ ಬರುವುದು ಸಹಜ. ಕೇಳಿ ತಿಳಿದು ಹಾಕಿಸಿಕೊಂಡರೆ ಅದು ರುಚಿ; ಕೇಳದೆ ಬಂದರೆ ಅದು ನಷ್ಟ.

ಪುಡಿಯ ಅಂಗಡಿಯಿಂದ ಹೋಟೆಲಿಗೆ ಹೋಗೋಣ. ಬೆಂಗಳೂರಿನ ಹೋಟೆಲುಗಳ ಚರಿತ್ರೆಯಲ್ಲಿ ಕರಾವಳಿಯಿಂದ ಬಂದ ಅಡಿಗೆಯವರ ಪಾಲು ದೊಡ್ಡದು. 1924ರಲ್ಲಿ ಪರಂಪಳ್ಳಿಯ ಮಯ್ಯ ಸಹೋದರರು ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’ ಎಂಬ ಹೋಟೆಲು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂದರೆ ಎಂ.ಟಿ.ಆರ್. ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳ ಶುಚಿತ್ವವನ್ನು ನೋಡಿ ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮ ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಬಹುದೆಂಬ ಪದ್ಧತಿಯನ್ನೂ ಹಾಕಿದರು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು, ಕಾಫಿ, ಇಷ್ಟರಿಂದಲೇ ಹೆಸರು ಪಡೆದ ಪುಟ್ಟ ಜಾಗ.

ಹಳೆಯ ಫಲಕಗಳ ಮೇಲೆ ಜಾತಿಯ ಹೆಸರು ಏಕೆ ಎಂದು ಮನೆಯ ಮಕ್ಕಳು ಕೇಳಿದರೆ ಉತ್ತರವನ್ನು ಮರೆಮಾಚಬೇಡಿ. ಯಾರ ಕೈಯಡಿಗೆ, ಯಾರ ಪಕ್ಕದಲ್ಲಿ ಯಾರು ಕೂರಬಹುದು ಎಂಬ ಲೆಕ್ಕ ಅಂದು ಹೋಟೆಲಿನ ಬಾಗಿಲವರೆಗೂ ಬಂದಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ, ಅಂಗಡಿ ಹೋಟೆಲುಗಳ ಪ್ರವೇಶಕ್ಕೆ ಜಾತಿಮತಗಳ ಅಡ್ಡಿ ಕೂಡದೆಂದು ತನ್ನ 15ನೆಯ ವಿಧಿಯಲ್ಲಿ ಬಿಡಿಸಿ ಹೇಳಬೇಕಾಯಿತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ದರ್ಶಿನಿ’ಗಳಲ್ಲಿ ಕೂರುವ ಪ್ರಶ್ನೆಯೇ ಉಳಿಯಲಿಲ್ಲ. ಗಲ್ಲಾದಲ್ಲಿ ಚೀಟಿ ತೆಗೆದುಕೊಳ್ಳಬೇಕು, ಎದುರಿಗೇ ಅಡಿಗೆ, ನಿಂತೇ ತಿನ್ನಬೇಕು. ಕಚೇರಿಯ ಅಧಿಕಾರಿಯೂ ಗಾಡಿ ಓಡಿಸುವವನೂ ಒಂದೇ ಕಟ್ಟೆಯ ಮೇಲೆ ಲೋಟ ಇಡುತ್ತಾರೆ. ‘ಬೈಟು ಕಾಫಿ’ ಎಂಬ ಬೆಂಗಳೂರಿನ ಮಾತಂತೂ ನಿಮಗೆ ಗೊತ್ತೇ ಇದೆ: ಒಂದು ಕಾಫಿ, ಎರಡು ಲೋಟ, ಇಬ್ಬರು ಸ್ನೇಹಿತರು.

ಹೋಟೆಲಿನ ಕಾಫಿ ಮನೆಯದಕ್ಕಿಂತ ಏಕೆ ರುಚಿ ಎಂದು ಗೃಹಿಣಿಯರು ಕೇಳುವುದುಂಟು. ಗುಟ್ಟು ದೊಡ್ಡದಲ್ಲ. ಗಿರಾಕಿ ಹೆಚ್ಚಾದ್ದರಿಂದ ಅಲ್ಲಿ ಪುಡಿ ಹಳತಾಗುವುದಿಲ್ಲ. ಡಿಕಾಕ್ಷನ್ ಮತ್ತೆ ಮತ್ತೆ ಹೊಸದಾಗಿ ಇಳಿಯುತ್ತಿರುತ್ತದೆ. ಗಟ್ಟಿ ಡಿಕಾಕ್ಷನ್ ಸ್ವಲ್ಪ, ಕುದಿಯುವ ಹಾಲು ಹೆಚ್ಚು, ಎತ್ತಿ ಹೊಯ್ದಾಗ ಬರುವ ನೊರೆ. ನಾವು ಮನೆಯಲ್ಲಿ ಬೆಳಗಿನ ಡಿಕಾಕ್ಷನ್ನನ್ನು ಸಂಜೆಯವರೆಗೆ ಇಟ್ಟು ಮತ್ತೆ ಕಾಯಿಸುತ್ತೇವೆ. ದೂರುವುದು ಮಾತ್ರ ಪುಡಿಯನ್ನು.

ಇನ್ನೊಂದು ಬಗೆಯ ಮನೆಯನ್ನು ಮರೆಯುವ ಹಾಗಿಲ್ಲ: ಇಂಡಿಯಾ ಕಾಫಿ ಹೌಸ್. ನಮ್ಮ ಜನಕ್ಕೆ ಕಾಫಿಯ ಅಭ್ಯಾಸ ಮಾಡಿಸಬೇಕೆಂದು ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ್ದು ಇದು. 1950ರ ದಶಕದಲ್ಲಿ ಕಾಫಿ ಮಂಡಳಿ ಈ ಮನೆಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕೈಕಟ್ಟಿ ಕೂರಲಿಲ್ಲ. ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ತಾವೇ ಸಹಕಾರ ಸಂಘಗಳನ್ನು ಕಟ್ಟಿ ಅವುಗಳನ್ನು ವಹಿಸಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅದರ ಮನೆ 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋದಾಗ, ದಿನವೂ ಅದೇ ಕಿಟಕಿಯ ಬಳಿ ಕೂರುತ್ತಿದ್ದವರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮಾತನಾಡಿದರು.

ಇಲ್ಲಿ ಮೊದಲಿನ ಪ್ರಶ್ನೆಗೆ ಮರಳಬೇಕು. ಇಷ್ಟೆಲ್ಲ ಕುಡಿದರೂ ಬೆಳೆದವನ ಹೆಸರು ನಮಗೆ ಏಕೆ ತಿಳಿಯಲಿಲ್ಲ? ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿ ಬೆಳೆಗಾರರು ಕಂಗಾಲಾದರು. ಅವರನ್ನು ಉಳಿಸಲು 1942ರ ಕಾಫಿ ಶಾಸನ ಬಂತು. ಬೆಂಗಳೂರಿನಲ್ಲಿ ಕಾಫಿ ಮಂಡಳಿ ನೆಲೆನಿಂತಿತು. ಬೆಳೆಗಾರ ಮನೆಬಳಕೆಗೆ ಬೇಕಾದ ಅಲ್ಪಸ್ವಲ್ಪವನ್ನು ಬಿಟ್ಟು ಉಳಿದುದನ್ನೆಲ್ಲ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕು. ಮಂಡಳಿ ಅದನ್ನು ದರ್ಜೆವಾರು ಹರಾಜು ಹಾಕುತ್ತದೆ. ಹಣವನ್ನು ಕಂತುಕಂತಾಗಿ ಕೊಡುತ್ತದೆ. ಸಂಕಟದ ಕಾಲದಲ್ಲಿ ಇದು ಆಸರೆಯಾಯಿತು. ಆದರೆ ಒಂದು ತೋಟದ ಬೀಜ ಇನ್ನೊಂದು ತೋಟದ್ದರೊಡನೆ ಬೆರೆತು ಹೆಸರು ಕಳೆದುಕೊಂಡಿತು. ಕಷ್ಟಪಟ್ಟು ಹಣ್ಣಾದುದನ್ನೇ ಆರಿಸಿ ಕಿತ್ತವನಿಗೂ, ಹಸಿರು ಹಣ್ಣು ಬೆರಸಿ ಕಿತ್ತವನಿಗೂ ಗಿರಾಕಿಯ ಮುಂದೆ ಒಂದೇ ಗುರುತು. 1992ರಿಂದ ಈ ಕಟ್ಟನ್ನು ಸಡಿಲಿಸುತ್ತ ಬಂದು 1996ರ ಹೊತ್ತಿಗೆ ಪೂರ್ತಿ ಬಿಚ್ಚಿದರು. ಬೆಳೆಗಾರ ತನ್ನ ಬೀಜವನ್ನು ತಾನೇ ಮಾರಬಹುದೆಂದಾಯಿತು. ಅದರೊಡನೆ ಬೆಲೆ ಕುಸಿದಾಗ ತಾನೇ ತಾಳಿಕೊಳ್ಳಬೇಕೆಂದೂ ಆಯಿತು. 2000ದ ಆಸುಪಾಸಿನಲ್ಲಿ ಜಗತ್ತಿನ ಬೆಲೆ ಬಿದ್ದಾಗ ಅನೇಕ ತೋಟಗಳವರು ಸಾಲದಲ್ಲಿ ಮುಳುಗಿದರು.

ಅದೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮನೆ ತೆರೆಯಿತು. ಅದನ್ನು ಕಟ್ಟಿದವರು ಚಿಕ್ಕಮಗಳೂರಿನ ಕಾಫಿ ಮನೆತನದ ವಿ. ಜಿ. ಸಿದ್ಧಾರ್ಥ. ಎಳೆಯರು ಗಂಟೆಗಟ್ಟಲೆ ಕೂತು ಮಾತನಾಡುವ ಹೊಸ ಬಗೆಯ ಜಾಗ ಅದಾಯಿತು. 2010ರ ದಶಕದಲ್ಲಿ ಇಂದಿರಾನಗರ, ಕೋರಮಂಗಲ ಮುಂತಾದ ಕಡೆ ಇನ್ನೊಂದು ತಲೆಮಾರು ಬಂತು: ತಮ್ಮ ಬೀಜವನ್ನು ತಾವೇ ಹುರಿದು, ಯಾವ ತೋಟ, ಎಷ್ಟು ಎತ್ತರ, ತೊಳೆದದ್ದೋ ಹಣ್ಣಾಗಿ ಒಣಗಿಸಿದ್ದೋ, ಹುರಿದ ತಾರೀಕು ಯಾವುದು ಎಂಬುದನ್ನೆಲ್ಲ ಪೊಟ್ಟಣದ ಮೇಲೆ ಬರೆಯುವವರು. ಆಂಧ್ರದ ಅರಕು ಕಣಿವೆಯ ಬುಡಕಟ್ಟು ಬೆಳೆಗಾರರ ಕಾಫಿ 2021ರಲ್ಲಿ ಆ ಕಣಿವೆಯ ಹೆಸರಿನಲ್ಲೇ ಇಂದಿರಾನಗರದಲ್ಲಿ ಒಂದು ಮನೆ ತೆರೆಯಿತು.

ಒಳಗೆ ಹೋಗಲು ಅಳುಕಬೇಡಿ. ಅಲ್ಲಿನ ಹೊಳೆಯುವ ಯಂತ್ರ ಎಸ್‌ಪ್ರೆಸ್ಸೋ ಯಂತ್ರ, ಮೂಲ ಇಟಲಿ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಇಳಿಯುತ್ತದೆ, ಹೊತ್ತು ಹಿಡಿಯುತ್ತದೆ. ಈ ಯಂತ್ರ ಗಾಳಿಯ ಸಾಮಾನ್ಯ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡದಿಂದ ಬಿಸಿನೀರನ್ನು ಪುಡಿಯ ಮೂಲಕ ನೂಕಿ ಅರ್ಧ ನಿಮಿಷದೊಳಗೆ ಕೆಲಸ ಮುಗಿಸುತ್ತದೆ. ಬರುವುದು ಎರಡು ಗುಟುಕಿನ ಗಟ್ಟಿ ಕಾಫಿ. ಅದಕ್ಕೆ ಹಬೆಯಲ್ಲಿ ನೊರೆಬರಿಸಿದ ಹಾಲು ಸೇರಿಸಿದರೆ ಕ್ಯಾಪುಚಿನೋ. ಲೆಕ್ಕದಲ್ಲಿ ನಮ್ಮ ಡಿಕಾಕ್ಷನ್ನಿಗೆ ಹಾಲು ಬೆರಸಿದಂತೆಯೇ. ಕಾಗದದ ಆಲಿಕೆಯ ಮೇಲೆ ಕೆಟಲಿನಿಂದ ಸಣ್ಣಗೆ ನೀರು ಸುರಿಯುವವರನ್ನೂ ಕಾಣುವಿರಿ. ಆ ಕಾಗದದ ಸೋಸಣಿಗೆಯನ್ನು 1908ರಲ್ಲಿ ಮಾಡಿದವಳು ಮೆಲಿಟಾ ಬೆಂಟ್ಸ್ ಎಂಬ ಜರ್ಮನ್ ಗೃಹಿಣಿ. ಅದು ತಿಳಿಹುರಿಯ ಕಾಫಿ, ಹಾಲು ಬೇಡ. ಮೊದಲ ಗುಟುಕಿಗೆ “ಇದೇನು ಹುಳಿ!” ಎನಿಸುತ್ತದೆ. ಕೆಟ್ಟ ಹುಳಿಯಲ್ಲ, ಹಣ್ಣಿನ ಹುಳಿ. ಸ್ವಲ್ಪ ಆರಿದ ಮೇಲೆ ಇನ್ನೊಂದು ಗುಟುಕು ಕುಡಿದು ನೋಡಿ.

ಇಷ್ಟವಾಗದಿದ್ದರೆ ಸಂಕೋಚಪಡಬೇಕಾದ್ದಿಲ್ಲ. ಅಲ್ಲಿ ಒಂದು ಬಟ್ಟಲಿಗೆ ತೆರುವ ಹಣದಲ್ಲಿ ದರ್ಶಿನಿಯಲ್ಲಿ ಮನೆಮಂದಿಯೆಲ್ಲ ಕುಡಿಯಬಹುದೆಂಬುದೂ ನಿಜ. ಆ ಹಣದಲ್ಲಿ ಬಾಡಿಗೆ, ಕುರ್ಚಿ, ತಂಪುಗಾಳಿಗಳ ಪಾಲು ದೊಡ್ಡದು. ಪೊಟ್ಟಣದ ಮೇಲೆ ತೋಟದ ಹೆಸರು ಬಂದ ಮಾತ್ರಕ್ಕೆ ತೋಟದ ಆಳಿನ ಕೂಲಿ ಏರಿತೆಂದು ತಿಳಿಯಬಾರದು. ಆದರೂ ಹೆಸರು ಬಂದುದು ಸಣ್ಣ ಸಂಗತಿಯಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಕ್ಕೆ ಭೌಗೋಳಿಕ ಗುರುತು ದೊರೆಯಿತು. ನಮ್ಮ ದೇಶದ ಕಾಫಿಯಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಹೊರದೇಶಗಳಿಗೆ ಹೋಗುತ್ತದೆ. ಬೆಲೆಯನ್ನು ನಿಶ್ಚಯಿಸುವುದು ಲಂಡನ್, ನ್ಯೂಯಾರ್ಕುಗಳ ಪೇಟೆ. ಅಕಾಲ ಮಳೆ, ಬಿಳಿ ಕಾಂಡಕೊರಕ ಹುಳು, ಕೂಲಿಯ ಅಭಾವ, ಇವುಗಳ ನಡುವೆ ಮರದ ನೆರಳಿನಲ್ಲಿ ಕಾಫಿ ಬೆಳೆಯುವವನಿಗೆ, ತನ್ನ ಊರಿನ ಒಳ್ಳೆಯ ಬೀಜವನ್ನು ಗುರುತಿಟ್ಟು ಕೇಳುವ ಗಿರಾಕಿ ಹತ್ತಿರದಲ್ಲೇ ಇದ್ದರೆ ಅದೇ ಒಂದು ಬಲ. ಅಂಥ ಗಿರಾಕಿಗಳು ಇಲ್ಲವಾದರೆ ನೆರಳಿನ ಮರಗಳನ್ನು ಕಡಿದು ಬೇರೆ ಬೆಳೆಗೆ ಹೋಗುವ ಯೋಚನೆ ಅವನಿಗೆ ಬಾರದಿರದು.

ಆ ಗಿರಾಕಿ ನೀವೇ ಆಗಬಹುದು. ಅದಕ್ಕೆ ದುಬಾರಿ ಕೆಫೆಗೆ ಹೋಗಬೇಕಾಗಿಯೂ ಇಲ್ಲ. ಮುಂದಿನ ಸಲ ನಿಮ್ಮ ಮಾಮೂಲು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಬೀಜ ಯಾವ ಕಡೆಯದು? ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು? ಯಾವತ್ತು ಹುರಿದದ್ದು? ಚಿಕೋರಿ ಎಷ್ಟು ಪಾಲು? ಒಳ್ಳೆಯ ವ್ಯಾಪಾರಿ ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ, ಸಂತೋಷದಿಂದಲೇ ಹೇಳುತ್ತಾನೆ. ಒಂದು ವಾರಕ್ಕೆ, ಹೆಚ್ಚೆಂದರೆ ಹತ್ತು ದಿನಕ್ಕೆ ಬೇಕಾದಷ್ಟೇ ಎದುರಿಗೆ ಬೀಸಿಸಿಕೊಳ್ಳಿ. ಒಣ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ, ಒಲೆಯಿಂದ ದೂರ ಇಡಿ. ಒಮ್ಮೆ ಚಿಕೋರಿ ಇಲ್ಲದ ಪುಡಿಯನ್ನೂ ಸ್ವಲ್ಪ ತನ್ನಿ. ಎರಡನ್ನೂ ಅಕ್ಕಪಕ್ಕದಲ್ಲಿ ಮಾಡಿ, ಮನೆಯವರ ಕೈಲಿ ಕುಡಿಸಿ ನೋಡಿ. ಹಿಂದಿನ ರುಚಿಯೇ ಗೆದ್ದರೆ ಅದನ್ನೇ ಇಟ್ಟುಕೊಳ್ಳಿ. ಆಗ ಅದು ನೀವು ತಿಳಿದು ಆರಿಸಿದ ರುಚಿಯಾಗಿರುತ್ತದೆ.

ನಾಳೆ ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಲೋಟ ಕೈಗೆ ಬಂದಾಗ, ಕುಡಿಯುವ ಮೊದಲು ಒಮ್ಮೆ ಮೂಸಿ ನೋಡಿ. ಅದು ಯಾವ ಬೆಟ್ಟದ ಬೀಜ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಇನ್ನು ಮುಂದೆ ನೀವು ಸುಮ್ಮನಾಗಬೇಕಾದ್ದಿಲ್ಲ.